ಊರ ಉಸಾಬರಿಗೊಂದು ಕಮಿಟಿ

ನಮ್ಮೂರಿನ ಇಂಧನ ಕಮಿಟಿಯ ಚರಿತ್ರೆ ಬೇಕಾದವರು ಮೊದಲು ನಾಯಿಗಳ ಲೆಕ್ಕ ಎಲ್ಲಿದೆ ಎಂದು ನೋಡಬೇಕು. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ಪ್ರತಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ‘ಟೌನ್ ಮೀಟಿಂಗ್ ದಿನ’. ಅದಕ್ಕೆ ಮುಂಚೆ ಪ್ರತಿ ಊರೂ ಒಂದು ವಾರ್ಷಿಕ ವರದಿ ಅಚ್ಚು ಹಾಕಿಸುತ್ತದೆ. ಹುಟ್ಟಿದವರು ಎಷ್ಟು, ತೀರಿಕೊಂಡವರು ಎಷ್ಟು, ಲೈಸೆನ್ಸ್ ಪಡೆದ ನಾಯಿಗಳು ಎಷ್ಟು, ಹಿಮ ಬಿದ್ದ ರಸ್ತೆಗೆ ಸುರಿದ ಉಪ್ಪು-ಮರಳಿಗೆ ಆದ ಖರ್ಚು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಕೆಲವು ಊರುಗಳಲ್ಲಿ ತೆರಿಗೆ ಬಾಕಿ ಉಳಿಸಿಕೊಂಡವರ ಹೆಸರನ್ನೂ ನಾಚಿಕೆಯಿಲ್ಲದೆ ಛಾಪಿಸುತ್ತಾರೆ. ಇವುಗಳ ನಡುವೆ ಎಲ್ಲೋ ಒಂದು ಪುಟ ‘ಇಂಧನ ಸಮಿತಿ’ಯದು. ಆ ಪುಟಗಳನ್ನು ವರ್ಷವಾರು ಜೋಡಿಸಿದರೆ ನಮ್ಮ ಚರಿತ್ರೆ ಸಿಗುತ್ತದೆ. ಬೇರೆ ಬಖೈರು ಇಲ್ಲ.

ಕನ್ನಡ ಕೂಟದ ಈ ಸಂಚಿಕೆಗೆ ಲೇಖನ ಕೇಳಿ ಸಂಪಾದಕಿ ಫೋನ್ ಮಾಡಿದಾಗ, “ನನ್ನ ಹತ್ತಿರ ಹಾಸ್ಯವೂ ಇಲ್ಲ, ಪ್ರವಾಸ ಕಥನವೂ ಇಲ್ಲಮ್ಮ. ಊರಿನ ಒಂದು ಕಮಿಟಿಯಲ್ಲಿ ವರ್ಷಗಟ್ಟಲೆ ಕೂತಿದ್ದೀನಿ, ಅಷ್ಟೇ” ಎಂದೆ. “ಅದನ್ನೇ ಬರೀರಿ ಸರ್. ಇಲ್ಲಿಗೆ ಬಂದು ಹಬ್ಬ ಮಾಡಿದ ಕಥೆ ನಮಗೆ ಸಾಕಷ್ಟಿದೆ” ಎಂದರು. ಊರಿನ ಹೆಸರನ್ನು ಬೇಕೆಂದೇ ಹಾಕಿಲ್ಲ. ಸಣ್ಣ ಊರು, ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಬಿಟ್ಟರೆ ನಾಳೆ ಅಂಗಡಿಯಲ್ಲಿ ಮುಖ ತೋರಿಸಬೇಕು.

ಈ ಕಮಿಟಿಗಳು ಎಲ್ಲಿಂದ ಬಂದವು ಎನ್ನುವುದಕ್ಕೆ ನೆಲಮಾಳಿಗೆಗೆ ಇಳಿಯಬೇಕು. ನ್ಯೂ ಇಂಗ್ಲೆಂಡಿನ ಹಳೆಯ ಮರದ ಮನೆಗಳ ತಳದಲ್ಲಿ 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರ್ ಹಿಡಿಯುವ ಉಕ್ಕಿನ ಟ್ಯಾಂಕು ಇರುತ್ತದೆ. ಅದರೊಳಗೆ ಡೀಸೆಲ್ಲಿನ ಅಣ್ಣತಮ್ಮನಂಥ ಎಣ್ಣೆ. ಚಳಿಗಾಲ ಪೂರ್ತಿ ಅದನ್ನು ಉರಿಸಿ ಮನೆ ಬೆಚ್ಚಗಿಡಬೇಕು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ, ಮತ್ತೆ 1979ರಲ್ಲಿ ಇರಾನಿನ ಕ್ರಾಂತಿಯಾದಾಗ ಮೊದಲು ನಡುಗಿದ್ದು ಈ ಭಾಗದ ಮನೆಗಳು. ನಡುವೆ, 1977ರ ಫೆಬ್ರುವರಿ 2ರ ರಾತ್ರಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ತೊಟ್ಟು ಬೆಂಕಿಗೂಡಿನ ಪಕ್ಕ ಕೂತು ಟಿವಿಯಲ್ಲಿ ಮಾತಾಡಿದರು. ಹಗಲು 65 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 55 ಇರಲಿ ಎಂದರು. ನಮ್ಮ ಲೆಕ್ಕದಲ್ಲಿ 18 ಮತ್ತು 13 ಡಿಗ್ರಿ. ದೇಶದ ಅಧ್ಯಕ್ಷರು ಹೇಳಿದರೂ ಜನ ಗೊಣಗಿದರು ಎನ್ನುವುದನ್ನು ನಮ್ಮ ಕಮಿಟಿಗೆ ಸೇರುವ ಹೊಸಬರಿಗೆ ಮೊದಲೇ ಹೇಳಿಬಿಡಬೇಕು ಎಂದು ನನ್ನ ಅಭಿಪ್ರಾಯ.

ಕಾರ್ಟರ್ ಟಿವಿಯಲ್ಲಿ ಹೇಳಿ ಆಗದಿದ್ದದ್ದು ಬೀದಿಯಲ್ಲಿ ಸ್ವಲ್ಪ ಆಯಿತು. ಮ್ಯಾಸಚೂಸೆಟ್ಸ್‌ನ ಫಿಚ್‌ಬರ್ಗ್ ಎಂಬ ಮಿಲ್ಲುಗಳ ಊರಿನಲ್ಲಿ, 1979ರಲ್ಲಿ, ‘ಆ್ಯಕ್ಷನ್’ ಎಂಬ ಕೇಂದ್ರ ಸರ್ಕಾರಿ ಸ್ವಯಂಸೇವಾ ಸಂಸ್ಥೆಯ ಬೆಂಬಲದಿಂದ ಒಂದು ಪ್ರಯೋಗ ನಡೆಯಿತು. ಕೇರಿ ಕೇರಿಯಲ್ಲಿ ಸ್ಥಳೀಯ ಸ್ವಯಂಸೇವಕರು ಜನರನ್ನು ಕೂರಿಸಿಕೊಂಡು, ಕಿಟಕಿಯ ಸಂದು ಮುಚ್ಚುವುದು, ಬಾಗಿಲಿಗೆ ಪಟ್ಟಿ ಬಡಿಯುವುದು, ಬಿಸಿನೀರಿನ ಹಂಡೆಗೆ ಹೊದಿಕೆ ಹಾಕುವುದು ಇಂಥ ಅಗ್ಗದ ಕೆಲಸಗಳನ್ನು ಕೈಯಲ್ಲಿ ಮಾಡಿಸಿ ಕಲಿಸಿದರು. ಕರಪತ್ರ ಹಂಚಿ ಮನೆಗೆ ಕಳಿಸಲಿಲ್ಲ. ಇದು ಮುಖ್ಯ. ನಾವು ಇದನ್ನೇ ಮತ್ತೆ ಕಂಡುಹಿಡಿಯಲು ವರ್ಷಗಟ್ಟಲೆ ತೆಗೆದುಕೊಂಡೆವು. ಆಮೇಲೆ ಎಣ್ಣೆ ಅಗ್ಗವಾಯಿತು. ಕಾರ್ಟರ್ ಶ್ವೇತಭವನದ ಮೇಲೆ ಕೂರಿಸಿದ್ದ ಸೌರ ಫಲಕಗಳು 1986ರಲ್ಲಿ ಕೆಳಗಿಳಿದವು. ಆಗ ಹುಟ್ಟಿದ್ದ ಊರೂರಿನ ಕಮಿಟಿಗಳೂ ಸದ್ದಿಲ್ಲದೆ ಕರಗಿದವು.

ಎರಡನೆಯ ಹುಟ್ಟು ಎಣ್ಣೆಯ ಬೆಲೆಯಿಂದಲ್ಲ, ಹವಾಮಾನದ ಚಿಂತೆಯಿಂದ ಆಯಿತು. 2006ರಲ್ಲಿ ಲೇಖಕ ಬಿಲ್ ಮೆಕಿಬ್ಬೆನ್ ವರ್ಮಾಂಟಿನ ರಿಪ್ಟನ್‌ನಿಂದ ಬರ್ಲಿಂಗ್ಟನ್‌ವರೆಗೆ ಪಾದಯಾತ್ರೆ ಹೊರಟರು. ಮರುವರ್ಷ ಮಾರ್ಚಿನಲ್ಲಿ, ಕನೆಕ್ಟಿಕಟ್ ನದಿಯ ಆಚೆ ದಡದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 164 ಊರುಗಳು ತಮ್ಮ ತಮ್ಮ ಟೌನ್ ಮೀಟಿಂಗ್‌ಗಳಲ್ಲಿ ಒಂದೇ ಬಗೆಯ ಗೊತ್ತುವಳಿ ಪಾಸು ಮಾಡಿದವು. ಅದರ ಒಂದು ಭಾಗ ವಾಷಿಂಗ್ಟನ್ನಿಗೆ ಮನವಿ. ಇನ್ನೊಂದು ಭಾಗ, ಊರಿಗೊಂದು ಸ್ವಯಂಸೇವಕ ಇಂಧನ ಸಮಿತಿ ಮಾಡಿಕೊಳ್ಳೋಣ ಎಂಬುದು. ವಾಷಿಂಗ್ಟನ್ ಏನು ಮಾಡಿತೆಂದು ನೆನಪಿಟ್ಟವರಿಲ್ಲ. ಸಮಿತಿಗಳು ಮಾತ್ರ ಉಳಿದವು. 2009ರಲ್ಲಿ ಆ ರಾಜ್ಯ ಇಂಥ ಸಮಿತಿಗಳಿಗೆ ಕಾನೂನಿನ ನೆಲೆಯನ್ನೂ ಕೊಟ್ಟಿತು. ನಮ್ಮ ವರ್ಮಾಂಟಿನಲ್ಲೂ ಈಗ ನೂರಕ್ಕೂ ಹೆಚ್ಚು ಊರುಗಳಲ್ಲಿ ಇಂಥ ಕಮಿಟಿಗಳಿವೆ. ಇಡೀ ರಾಜ್ಯದ ಜನಸಂಖ್ಯೆ 2020ರ ಜನಗಣತಿಯಲ್ಲಿ 6,43,077. ಬೆಂಗಳೂರಿನ ಕೆಲವೇ ಬಡಾವಣೆಗಳಲ್ಲಿ ಇಷ್ಟು ಜನ ಮುಗಿದುಹೋಗುತ್ತಾರೆ.

ವರ್ಮಾಂಟಿಗೆ ಇನ್ನೊಂದು ಅನುಕೂಲ ಮೊದಲೇ ಇತ್ತು. 2000ದಲ್ಲಿ ‘ಎಫಿಷಿಯೆನ್ಸಿ ವರ್ಮಾಂಟ್’ ಶುರುವಾಯಿತು. ಕರೆಂಟು ಮಾರುವ ಕಂಪನಿಯಂತೆ ಕರೆಂಟು ಉಳಿಸುವುದಕ್ಕೇ ಒಂದು ಸಂಸ್ಥೆ. ದೇಶದಲ್ಲಿ ಅಂಥದ್ದು ಅದೇ ಮೊದಲು. ಪ್ರತಿ ಮನೆಯ ಬಿಲ್ಲಿನಲ್ಲಿ ಸಣ್ಣದೊಂದು ಮೊತ್ತ ಅದಕ್ಕೆ ಹೋಗುತ್ತದೆ. ಸಬ್ಸಿಡಿ, ತಜ್ಞರು, ಅಂಕಿಅಂಶ ಎಲ್ಲ ಅವರ ಬಳಿ ಇದೆ. ಇಲ್ಲದಿದ್ದದ್ದು ಒಂದೇ: ನಮ್ಮ ಬೀದಿಯ ಮುದುಕಪ್ಪನ ಮನೆಯೊಳಗೆ ಹೋಗಿ ಕಾಫಿ ಕುಡಿಯುವ ಸಲುಗೆ. ಅದು ನಮ್ಮ ಹತ್ತಿರ ಇತ್ತು.

ಕಮಿಟಿಯ ಹಕ್ಕುಬಾಧ್ಯತೆಗಳನ್ನು ಹೇಳಿ ಮುಗಿಸಿಬಿಡುತ್ತೇನೆ, ದೊಡ್ಡದೇನಿಲ್ಲ. ನಗರಸಭೆ ಏಳು ಜನರನ್ನು ನೇಮಿಸುತ್ತದೆ. ಸಂಬಳವಿಲ್ಲ, ಭತ್ಯೆಯಿಲ್ಲ. ತಿಂಗಳಿಗೊಂದು ಸಂಜೆ ಸಭೆ. ನಾವು ಸಲಹೆ ಕೊಡಬಹುದು, ಆಜ್ಞೆ ಮಾಡುವಂತಿಲ್ಲ. ಆದರೆ ಸಲಹೆ ಕೊಡುವವರಿಗೂ ರಾಜ್ಯದ ‘ಬಹಿರಂಗ ಸಭೆ ಕಾನೂನು’ ಅನ್ವಯಿಸುತ್ತದೆ: ಮಾಮೂಲಿ ಸಭೆಯ ಕಾರ್ಯಸೂಚಿಯನ್ನು 48 ಗಂಟೆ ಮುಂಚೆ ಅಂಟಿಸಬೇಕು, ಸಭೆ ಮುಗಿದ 5 ದಿನದೊಳಗೆ ನಡಾವಳಿ ಜನರಿಗೆ ಸಿಗಬೇಕು. ಏಳರಲ್ಲಿ ನಾಲ್ವರು ಸೇರಿದರೆ ಕೋರಂ. ಆ ನಾಲ್ವರು ಅಂಗಡಿಯ ಸೊಪ್ಪಿನ ಕಟ್ಟುಗಳ ಮುಂದೆ ಎದುರಾಗಿ ಕಮಿಟಿಯ ವಿಷಯ ಚರ್ಚಿಸಿದರೂ ಅದು ಸಭೆಯೇ. ಹಾಗಾಗಿ ಮೂವರು ಮಾತಾಡುತ್ತ ನಿಂತಿರುವಾಗ ನಾಲ್ಕನೆಯವರು ಬರುತ್ತಿರುವುದು ಕಂಡರೆ ನಾವು ಹಿಮದ ಬಗ್ಗೆ ಮಾತು ಶುರು ಮಾಡುತ್ತೇವೆ.

ಮೊದಲ ವರ್ಷಗಳ ಪುಟಗಳನ್ನು ಈಗ ಓದಿದರೆ ನಗು ಬರುತ್ತದೆ. ಉತ್ಸಾಹ ತುಂಬಿ ತುಳುಕುತ್ತಿದೆ. ಬಲ್ಬು ಬದಲಾಯಿಸುವುದರಿಂದ ಹಿಡಿದು ಗಾಳಿಯಂತ್ರ ನಿಲ್ಲಿಸುವವರೆಗೆ, ಸೈಕಲ್ ದಾರಿಯಿಂದ ಶಾಲೆಯ ಬಾಯ್ಲರ್‌ವರೆಗೆ ಎಲ್ಲವೂ ‘ಈ ವರ್ಷದ ಗುರಿ’. ಮರುವರ್ಷದ ಪುಟದಲ್ಲಿ ಅದೇ ಪಟ್ಟಿ, ಮೇಲೆ ಮೂರು ಹೊಸವು. ಪ್ರಚಾರವೆಂದರೆ ಲೈಬ್ರರಿಯಲ್ಲಿ ಉಪನ್ಯಾಸ. ತಜ್ಞರು ಬರುತ್ತಿದ್ದರು, ಸ್ಲೈಡ್ ತೋರಿಸುತ್ತಿದ್ದರು. ಬರುತ್ತಿದ್ದವರು ಅದೇ ಹನ್ನೆರಡು ಮಂದಿ, ಅವರ ಮನೆಗಳೆಲ್ಲ ಮೊದಲೇ ಬೆಚ್ಚಗಿದ್ದವು. ನಮ್ಮ ಕೂಟದ ಸಾಹಿತ್ಯ ಗೋಷ್ಠಿಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಾನು ಸೇರಿದ ವರ್ಷ ಒಂದು ದೊಡ್ಡ ಅಭಿಯಾನವಾಗಿತ್ತು: ಶಾಖ ಎಲ್ಲಿ ಸೋರುತ್ತದೆಂದು ಮನೆಗಳ ತಪಾಸಣೆ. ತಪಾಸಣೆಗೆ ಜನ ಹೆಸರು ಬರೆಸಿದರು, ವರದಿ ಪಡೆದರು, ಆ ವರದಿಯನ್ನು ಫ್ರಿಜ್ಜಿನ ಮೇಲಿಟ್ಟರು. ಅಟ್ಟಕ್ಕೆ ಹೊದಿಕೆ ಹಾಕಿಸಿಕೊಂಡವರನ್ನು ಬೆರಳಲ್ಲಿ ಎಣಿಸಬಹುದಿತ್ತು. ವಾರ್ಷಿಕ ವರದಿಯಲ್ಲಿ ನಾವು ತಪಾಸಣೆಗಳ ಸಂಖ್ಯೆಯನ್ನಷ್ಟೇ ಹಾಕಿದೆವು. ಆ ಪುಟವನ್ನು ಬರೆದವನು ನಾನೇ.

ದಾರಿ ಬದಲಾದದ್ದು ಒಂದು ಜನವರಿ ಸಭೆಯಿಂದ. ಹೊಸ ಅಧ್ಯಕ್ಷೆ ನಿವೃತ್ತ ಶಾಲಾ ಶಿಕ್ಷಕಿ. ನಗರಸಭೆಯ ಮಹಡಿಯ ಕೋಣೆಯಲ್ಲಿ ಉದ್ದನೆಯ ಕಂದು ಕಾಗದವನ್ನು ಗೋಡೆಗೆ ಅಂಟಿಸಿ, ಹನ್ನೆರಡು ತಿಂಗಳ ಗೆರೆ ಎಳೆದು, “ಮೊದಲು ನಮ್ಮ ಕೆಲಸ ಬರೆಯಬೇಡಿ, ಊರಿನ ಕೆಲಸ ಬರೆಯಿರಿ” ಎಂದರು. ಯಾರಿಗೂ ಅರ್ಥವಾಗಲಿಲ್ಲ. ಅವರೇ ಎದ್ದು ಬರೆದರು. ಮಾರ್ಚ್: ಟೌನ್ ಮೀಟಿಂಗ್, ಮೇಪಲ್ ಮರಗಳ ರಸ ಕಾಯಿಸುವ ಕಾಲ. ಏಪ್ರಿಲ್: ಹಿಮ ಕರಗಿ ಮಣ್ಣು ರಸ್ತೆಗಳೆಲ್ಲ ಕೆಸರು, ಯಾರೂ ಎಲ್ಲಿಗೂ ಬರುವುದಿಲ್ಲ. ಮೇ, ಜೂನ್: ತೋಟ. ಜುಲೈ 4: ಮೆರವಣಿಗೆ. ಆಗಸ್ಟ್: ಊರೇ ಕೆರೆ ದಂಡೆಯಲ್ಲಿ. ಸೆಪ್ಟೆಂಬರ್: ಶಾಲೆ ಶುರು, ಸೌದೆ ಒಟ್ಟುವ ಆತುರ. ನವೆಂಬರ್: ಜಿಂಕೆ ಬೇಟೆಯ ಹದಿನಾರು ದಿನ, ಗಂಡಸರು ಅರ್ಧ ಜನ ಕಾಡಿನಲ್ಲಿ. ಡಿಸೆಂಬರ್: ಹಬ್ಬ.

ಆ ಕಾಗದ ನೋಡುತ್ತಿದ್ದಂತೆ ನಮ್ಮ ತಪ್ಪು ಕಣ್ಣಿಗೆ ಕಟ್ಟಿತು. ನಾವು ಮನೆ ಬೆಚ್ಚಗಿಡುವ ಮಾತನ್ನು ಏಪ್ರಿಲ್ 22ರ ಭೂಮಿ ದಿನಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಜನ ಕಿಟಕಿ ತೆರೆದು, ಚಳಿಗಾಲ ಮುಗಿಯಿತೆಂದು ಉಸಿರು ಬಿಡುವ ಹೊತ್ತು ಅದು. ಸೆಪ್ಟೆಂಬರಿನಲ್ಲಿ, ಎಣ್ಣೆಯವನ ಮೊದಲ ಬಿಲ್ಲು ಬಂದು ಎದೆ ಧಸಕ್ಕೆನ್ನುವಾಗ, ನಾವು ಗೊತ್ತುವಳಿಗಳ ಭಾಷೆ ತಿದ್ದುತ್ತ ಕೂತಿರುತ್ತಿದ್ದೆವು. ಇನ್ನೊಂದು ತಪ್ಪು ಹಣದ್ದು. ಊರಿನ ಬಜೆಟ್ಟಿಗೆ ಮಾರ್ಚಿನಲ್ಲಿ ಮತ. ಅದು ಅಂತಿಮವಾಗುವುದು ಜನವರಿಯಲ್ಲಿ, ಇಲಾಖೆಯವರು ಅಂಕಿ ಹಾಕುವುದು ಅಕ್ಟೋಬರ್-ನವೆಂಬರಿನಲ್ಲಿ. ನಾವು ಫೆಬ್ರುವರಿಯಲ್ಲಿ ಹೋಗಿ “ಅಗ್ನಿಶಾಮಕ ಠಾಣೆಗೆ ಎಣ್ಣೆಯ ಬದಲು ಕರೆಂಟಿನಿಂದ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸಿ” ಎನ್ನುತ್ತಿದ್ದೆವು. ಊಟ ಮುಗಿದ ಮೇಲೆ ಎಲೆ ಹಾಸಿದ ಹಾಗೆ. ಅವತ್ತಿನಿಂದ ಕಾಗದದ ಮೇಲೆ ಅಕ್ಟೋಬರಿಗೆ ಕೆಂಪು ಗೆರೆ: ನಗರಸಭೆಗೆ ಏನು ಕೇಳಬೇಕೋ ಅದು ಅಷ್ಟರೊಳಗೆ ಒಂದು ಪುಟದಲ್ಲಿ, ಖರ್ಚಿನ ಸಮೇತ ಸಿದ್ಧವಿರಬೇಕು.

ಆಮೇಲೆ ಅವರು ತಂದ ನಿಯಮ ಇನ್ನೂ ಒರಟು. ಗೋಡೆಯ ಮೇಲಿನ ಪ್ರತಿ ಕೆಲಸದ ಪಕ್ಕ ಒಂದು ಹೆಸರು ಇರಬೇಕು. ‘ಕಮಿಟಿ’ ಎಂದು ಬರೆಯುವಂತಿಲ್ಲ, ‘ಎಲ್ಲರೂ’ ಎಂದಂತೂ ಇಲ್ಲವೇ ಇಲ್ಲ. ಹೆಸರು ಸಿಗದ ಕೆಲಸ ಹರಿದು ಬುಟ್ಟಿಗೆ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೆಲಸವಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಗಂಟೆಯ ಮಾತೇ ಬೇಡ. ಗಾಳಿಯಂತ್ರ ಅವತ್ತೇ ಬುಟ್ಟಿಗೆ ಹೋಯಿತು. ಇಬ್ಬರು ಸಿಟ್ಟಾಗಿ ಮುಂದಿನ ಸಭೆಗೆ ಬರಲಿಲ್ಲ, ಒಬ್ಬರು ಮತ್ತೆ ಬರಲೇ ಇಲ್ಲ. ಅವರ ವಾದದಲ್ಲೂ ಹುರುಳಿತ್ತು: ಭೂಮಿ ಕಾಯುತ್ತಿರುವಾಗ ಕಿಟಕಿಯ ಸಂದು ಮುಚ್ಚುವುದೇ ನಮ್ಮ ಕೆಲಸವೇ ಎಂದು ಕೇಳಿದ್ದರು. ಅದಕ್ಕೆ ನನ್ನ ಬಳಿ ಅವತ್ತೂ ಉತ್ತರವಿರಲಿಲ್ಲ.

ಜನರನ್ನು ತಲುಪುವ ಜಾಗವನ್ನೂ ಬದಲಾಯಿಸಿದೆವು. ಲೈಬ್ರರಿ ಬಿಟ್ಟು ಕಸದ ಕೇಂದ್ರಕ್ಕೆ ಹೋದೆವು. ಈ ಕಡೆಯ ಊರುಗಳಲ್ಲಿ ಬಹಳ ಜನ ಶನಿವಾರ ತಮ್ಮ ಮನೆಯ ಕಸವನ್ನು ತಾವೇ ಗಾಡಿಯಲ್ಲಿ ತಂದು ಹಾಕುತ್ತಾರೆ. ವಕೀಲರೂ ಬರುತ್ತಾರೆ, ಹಾಲಿನ ಡೇರಿಯವರೂ ಬರುತ್ತಾರೆ. ಕಸ ಇಳಿಸಿದ ಮೇಲೆ ಮನಸ್ಸು ಹಗುರವಾಗಿರುತ್ತದೋ ಏನೋ, ನಿಂತು ಮಾತಾಡುತ್ತಾರೆ. ಮಡಚುವ ಮೇಜು, ಒಂದು ಫ್ಲಾಸ್ಕ್ ಕಾಫಿ, ಹಿಮ ಬಿದ್ದ ಮರುದಿನ ತೆಗೆದ ಛಾವಣಿಗಳ ಫೋಟೋಗಳು. ಇಷ್ಟೇ ಸರಂಜಾಮು. ಛಾವಣಿಯ ಮೇಲಿನ ಹಿಮ ಬೇಗ ಕರಗಿದೆ, ಸೂರಿನ ಅಂಚಿನಲ್ಲಿ ದಪ್ಪ ಮಂಜುಗಡ್ಡೆ ಕಟ್ಟಿದೆ ಎಂದರೆ ಆ ಮನೆಯ ಶಾಖ ಅಟ್ಟದಿಂದ ಸೋರುತ್ತಿದೆ ಎಂದು ಅರ್ಥ. ಯಾರ ಮನೆಯ ಹೆಸರನ್ನೂ ಹಾಕುತ್ತಿರಲಿಲ್ಲ. ಜನ ಫೋಟೋ ನೋಡಿ, “ಅರೆ, ಇದು ನನ್ನದೇ” ಎಂದು ತಾವೇ ಒಪ್ಪಿಕೊಳ್ಳುತ್ತಿದ್ದರು.

ನಾನು ಮಲೆನಾಡಿನವನು. ಮನೆಗೆ ಗಾಳಿಯಾಡಬೇಕು ಎಂದು ಕೇಳುತ್ತ ಬೆಳೆದವನು. ಇಲ್ಲಿ ಗಾಳಿಯಾಡುವ ಮನೆಯೇ ರೋಗಿ. ಆ ರೋಗ ಪತ್ತೆಗೆ ಒಂದು ಯಂತ್ರವಿದೆ: ಬಾಗಿಲಿನ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು ನಡುವೆ ದೊಡ್ಡ ಫ್ಯಾನ್ ಕೂರಿಸುತ್ತಾರೆ. ಅದು ಒಳಗಿನ ಗಾಳಿಯನ್ನು ಹೊರಗೆಳೆದು 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿದಾಗ ಮನೆಯ ಎಲ್ಲ ಬಿರುಕುಗಳೂ ಒಟ್ಟಿಗೆ ಉಸಿರೆಳೆಯುತ್ತವೆ. ನನ್ನ ಮನೆಯಲ್ಲೇ ಮೊದಲು ಮಾಡಿಸಿದೆ. ಅಟ್ಟಕ್ಕೆ ಹತ್ತುವ ಮುಚ್ಚಳದ ಬಳಿ ಕೈ ಹಿಡಿದರೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಕಿಟಕಿ ತೆಗೆದ ಹಾಗಿತ್ತು. ಆಮೇಲೆ ಆ ಅಟ್ಟಕ್ಕೆ ಪುಡಿ ಮಾಡಿದ ಹಳೆಯ ಪತ್ರಿಕೆಗಳ ಹತ್ತಿಯಂಥ ಹೊದಿಕೆ ಊದಿಸಿದೆ. ಓದದೆ ಬಿಟ್ಟ ಸುದ್ದಿಯೆಲ್ಲ ಈಗ ನನ್ನ ತಲೆಯ ಮೇಲೆ ಬೆಚ್ಚಗೆ ಕೂತಿದೆ.

ಕಮಿಟಿಯ ಎಲ್ಲ ಕೆಲಸಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಕಿಟಕಿ ಕಟ್ಟುವುದು. ಇದು ನಮ್ಮ ಬುದ್ಧಿಯಲ್ಲ. ಮೇನ್ ರಾಜ್ಯದ ರಾಕ್‌ಲ್ಯಾಂಡ್ ಊರಿನ ಚರ್ಚೊಂದರಲ್ಲಿ, 2010ರಲ್ಲಿ, ಚಳಿ ಹೊಡೆಯುತ್ತಿದ್ದ ದೊಡ್ಡ ಕಿಟಕಿಗಳಿಗೆ ಒಳಗಿನಿಂದ ಒಂದು ಮರದ ಚೌಕಟ್ಟು ಮಾಡಿ ಕೂರಿಸಿದ್ದರಿಂದ ‘ವಿಂಡೋಡ್ರೆಸರ್ಸ್’ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಪೈನ್ ಮರದ ತೆಳು ಪಟ್ಟಿಗಳ ಚೌಕಟ್ಟು. ಎರಡೂ ಬದಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅಂಚಿಗೆ ಸ್ಪಂಜಿನ ಪಟ್ಟಿ. ಶರತ್ಕಾಲದಲ್ಲಿ ಒಳಗಿನಿಂದ ಒತ್ತಿ ಕೂರಿಸುವುದು, ವಸಂತದಲ್ಲಿ ತೆಗೆದು ಮಂಚದ ಕೆಳಗಿಡುವುದು. ಅವರು ಸಾಮಗ್ರಿ ಕಳಿಸುತ್ತಾರೆ, ಜೋಡಿಸುವುದು ಊರಿನವರ ಕೆಲಸ.

ಅದಕ್ಕೆ ಯೋಜನೆ ವಸಂತದಲ್ಲೇ ಶುರುವಾಗಬೇಕು. ಬೇಸಿಗೆಯಲ್ಲಿ ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಕಿಟಕಿ ಅಳೆಯುತ್ತೇವೆ. ನೂರು ವರ್ಷ ಹಳೆಯ ಮನೆಯ ಕಿಟಕಿ ಚೌಕವಾಗಿರುತ್ತದೆ ಎಂದು ನಂಬಿದರೆ ಕೆಟ್ಟಿರಿ. ಮೇಲೊಂದು ಅಳತೆ, ನಡುವೊಂದು, ಕೆಳಗೊಂದು, ಮೂರೂ ಬೇರೆ. ಒಮ್ಮೆ ನಾನು ಅಗಲವನ್ನು ಎತ್ತರದ ಕಾಲಮ್ಮಿನಲ್ಲಿ ಬರೆದು ಒಬ್ಬ ಅಜ್ಜಿಗೆ ಅಡ್ಡಡ್ಡ ಕಿಟಕಿ ತಂದುಕೊಟ್ಟಿದ್ದೆ. ಅವರು ಅದನ್ನು ಕೋಳಿಗೂಡಿಗೆ ಬಳಸಿಕೊಂಡರು, ದೂರು ಹೇಳಲಿಲ್ಲ. ನನ್ನನ್ನು ಮತ್ತೆ ಅಳತೆಗೆ ಕಳಿಸಲಿಲ್ಲ ಅಷ್ಟೆ. ಅಕ್ಟೋಬರಿನಲ್ಲಿ ಚರ್ಚಿನ ಸಭಾಂಗಣದಲ್ಲಿ ಒಂದು ವಾರ ಉದ್ದನೆಯ ಮೇಜುಗಳು. ಒಂದು ಮೇಜಿನಲ್ಲಿ ಚೌಕಟ್ಟು ಜೋಡಿಸುವವರು, ಮುಂದಿನದರಲ್ಲಿ ಎರಡು ಬದಿ ಅಂಟಿನ ಟೇಪು ಹಚ್ಚುವವರು, ಅದರ ಮುಂದೆ ಹಾಳೆ ಹೊದಿಸುವವರು. ಕೊನೆಗೆ ಬಿಸಿಗಾಳಿಯ ಯಂತ್ರ. ಸುಕ್ಕುಸುಕ್ಕಾದ ಹಾಳೆಯ ಮೇಲೆ ಅದನ್ನು ನಿಧಾನವಾಗಿ ಆಡಿಸಿದರೆ ಹಪ್ಪಳ ಕಾಯಿಸಿದಾಗಿನ ತದ್ವಿರುದ್ಧ: ಗುಳ್ಳೆಗಳೆಲ್ಲ ಇಳಿದು, ಹಾಳೆ ಮೃದಂಗದ ಮುಚ್ಚಿಗೆಯಂತೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿ ಶಬ್ದ ಕೇಳಿ ಮುಂದೆ ಕಳಿಸುವುದು ನನ್ನ ಪಾಲಿನ ಕೆಲಸ. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ತೂತು, ಮತ್ತೆ ಮೊದಲಿಂದ.

ಕಿಟಕಿ ಕೊಂಡವರೂ ಒಂದು ಪಾಳಿ ಬಂದು ಕೆಲಸ ಮಾಡಬೇಕೆಂದು ಕೇಳುತ್ತೇವೆ. ಕಡಿಮೆ ಆದಾಯದವರಿಗೆ ಉಚಿತವಾಗಿ ಕೊಡುವ ಕಿಟಕಿಗಳೂ ಅದೇ ಮೇಜಿನ ಮೇಲೆ ಸಾಗುತ್ತವೆ. ಯಾವುದು ಯಾರದೆಂದು ಚೌಕಟ್ಟಿನ ಮೇಲಿನ ಸಂಖ್ಯೆಗೆ ಮಾತ್ರ ಗೊತ್ತು. ಮಧ್ಯಾಹ್ನ ಸೂಪು, ಬ್ರೆಡ್ಡು. ಒಂದು ದಿನ ನಮ್ಮ ಮನೆಯ ಪುಳಿಯೋಗರೆ. ಯಾವ ಉಪನ್ಯಾಸಕ್ಕೂ ತಲೆ ಹಾಕದ ಪ್ಲಂಬರ್ ಒಬ್ಬರು ಆ ವಾರ ಮೂರು ದಿನ ಬಂದರು. ಪಕ್ಕದಲ್ಲಿ ನಿಂತವರು ತಮ್ಮ ಅಟ್ಟದ ಕಥೆ ಹೇಳಿದರು, ಇವರು ತಮ್ಮ ಬಾಯ್ಲರಿನ ಕಥೆ ಹೇಳಿದರು. ನಾವು ವರ್ಷಗಟ್ಟಲೆ ಕರಪತ್ರದಲ್ಲಿ ಹೇಳಲು ಒದ್ದಾಡಿದ್ದು ಅಲ್ಲಿ ಟೇಪು ಹಚ್ಚುತ್ತ ಮುಗಿದುಹೋಯಿತು. ಆ ಪ್ಲಂಬರ್ ಈಗ ಕಮಿಟಿಯ ಸದಸ್ಯರು.

ಸೌರ ಫಲಕದ ವಿಷಯದಲ್ಲೂ ನೆರೆಯವರ ಮಾತೇ ನಡೆದದ್ದು. 2009ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಒಂದು ಬಡಾವಣೆಯವರು ‘ಸೋಲರೈಸ್’ ಎಂಬ ಉಪಾಯ ಮಾಡಿದರು. ಒಬ್ಬೊಬ್ಬರೇ ಚೌಕಾಸಿ ಮಾಡುವ ಬದಲು ಇಡೀ ಬಡಾವಣೆ ಸೇರಿ ಒಬ್ಬ ಗುತ್ತಿಗೆದಾರನನ್ನು ಆರಿಸುವುದು, ಹೆಚ್ಚು ಮನೆ ಸೇರಿದಷ್ಟೂ ದರ ಇಳಿಯುವುದು, ಒಂದು ಕೊನೆಯ ದಿನಾಂಕ ಇರುವುದು. ಮ್ಯಾಸಚೂಸೆಟ್ಸ್ 2011ರಲ್ಲಿ ಅದನ್ನು ಎತ್ತಿಕೊಂಡಿತು. ನದಿಯ ಎರಡೂ ದಡದ ನಮ್ಮ ಭಾಗದ ಊರುಗಳು 2014ರಲ್ಲಿ ಶುರು ಮಾಡಿದವು. ಆ ಉಪಾಯದ ಮೂರು ಅಂಶಗಳಲ್ಲಿ ದೊಡ್ಡದು ಕೊನೆಯ ದಿನಾಂಕ ಎಂದು ನನಗನ್ನಿಸುತ್ತದೆ. ಮನೆ ರಿಪೇರಿಯನ್ನು ಮುಂದೂಡುವುದು ಮನುಷ್ಯ ಸಹಜ. ಬಾಗಿಲು ಮುಚ್ಚುತ್ತದೆ ಎಂದಾಗ ಮಾತ್ರ ಎದ್ದು ಓಡುತ್ತೇವೆ. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಬಿಸಿನೀರಿನ ಹಂಡೆ ಎಷ್ಟು ಮಾಮೂಲಿ ಎಂದು ನಾನು ಒಂದು ಸಭೆಯಲ್ಲಿ ಹೇಳಿದಾಗ, ಇಲ್ಲಿನವರು ನಂಬದೆ ಫೋಟೋ ಕೇಳಿದರು. ಅಕ್ಕನ ಮನೆಯ ತಾರಸಿಯ ಫೋಟೋ, ಒಣಹಾಕಿದ ಸಂಡಿಗೆ ಸಮೇತ, ಎರಡು ವರ್ಷ ನಮ್ಮ ಮೇಜಿನ ಮೇಲಿತ್ತು.

ಆಚೆ ದಡದ ನ್ಯೂ ಹ್ಯಾಂಪ್‌ಶೈರಿನ ಕಮಿಟಿಗಳು ಒಂದು ವಿಷಯದಲ್ಲಿ ನಮ್ಮನ್ನು ಮೀರಿಸಿದವು. ಹ್ಯಾನೋವರ್ ಊರಿನ ಜನ 2017ರ ಮೇ ತಿಂಗಳ ಟೌನ್ ಮೀಟಿಂಗ್‌ನಲ್ಲಿ 2030ಕ್ಕೆ ಪೂರ್ತಿ ನವೀಕರಿಸಬಹುದಾದ ವಿದ್ಯುತ್ತು, 2050ಕ್ಕೆ ಶಾಖ ಮತ್ತು ಸಾರಿಗೆಯೂ ಎಂದು ಮತ ಹಾಕಿದರು. ಊರಿನ ಪರವಾಗಿ ನಗರಸಭೆಯೇ ಸಗಟು ಕರೆಂಟು ಕೊಳ್ಳಬಹುದೆಂಬ ಕಾನೂನು 2019ರಲ್ಲಿ ಬಂತು. ಲೆಬನನ್, ಹ್ಯಾನೋವರ್ ಮುಂತಾದ ಊರುಗಳು 2021ರಲ್ಲಿ ಒಕ್ಕೂಟ ಕಟ್ಟಿ 2023ರಲ್ಲಿ ಕರೆಂಟು ಕೊಡಲು ಶುರು ಮಾಡಿದವು. ವರ್ಮಾಂಟಿನಲ್ಲಿ ವಿದ್ಯುತ್ ವ್ಯವಸ್ಥೆಯೇ ಬೇರೆ, ಆ ದಾರಿ ನಮಗಿಲ್ಲ.

ನಮ್ಮ ಪಾಲಿಗೆ ಬಂದದ್ದು ಕಾಗದ. 2016ರ 174ನೇ ಕಾಯ್ದೆ ಊರುಗಳಿಗೆ ಒಂದು ಒಪ್ಪಂದದ ಥರ ಇತ್ತು. ಊರಿನಲ್ಲಿ ಶಾಖಕ್ಕೆ, ಸಾರಿಗೆಗೆ, ವಿದ್ಯುತ್ತಿಗೆ ಎಷ್ಟು ಇಂಧನ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ, ಗುರಿ ಬರೆದು, ಸೌರ ಘಟಕ ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ನಕ್ಷೆ ಸಮೇತ ಯೋಜನೆ ಮಾಡಿದರೆ, ಮುಂದೆ ಯಾರಾದರೂ ಘಟಕ ಹಾಕಲು ಬಂದಾಗ ರಾಜ್ಯದ ಆಯೋಗ ನಿಮ್ಮ ಮಾತಿಗೆ ಹೆಚ್ಚಿನ ತೂಕ ಕೊಡುತ್ತದೆ. ಆ ಯೋಜನೆ ಬರೆದ ಎರಡು ವರ್ಷಗಳ ವಾರ್ಷಿಕ ಪುಟಗಳು ನೀರಸ. ಬಿ.ಟಿ.ಯು. ಎಂಬ ಶಾಖದ ಅಳತೆ, ನಕ್ಷೆ, ಕರಡು, ಮರುಕರಡು. ಯಾವ ಗುಡ್ಡದ ಸಾಲು ‘ನೋಟಕ್ಕೆ ಮುಖ್ಯ’ ಎಂಬ ಒಂದೇ ಪ್ರಶ್ನೆಗೆ ಮೂರು ಸಭೆ ಹೋದವು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ವಾಕ್ಯಗಳನ್ನು ಬರೆದು ನಗರಸಭೆಗೆ ಒಪ್ಪಿಸಿದೆವು. ಆದರೂ ಒಂದು ಉಪಯೋಗವಾಯಿತು. ಊರಿನ ಇಂಧನದಲ್ಲಿ ಬಲ್ಬುಗಳ ಪಾಲು ಎಷ್ಟು ಸಣ್ಣದು, ಎಣ್ಣೆ ಟ್ಯಾಂಕು ಮತ್ತು ಗಾಡಿಗಳದು ಎಷ್ಟು ದೊಡ್ಡದು ಎಂದು ನಮಗೇ ಕಾಣಿಸಿತು. ಆಮೇಲೆ ಬಲ್ಬಿನ ಮಾತು ನಮ್ಮ ಕಾಗದದ ಮೇಲೆ ಬರಲಿಲ್ಲ.

ತಪಾಸಣೆ ಮಾಡಿಸಿ ಕೈಬಿಟ್ಟವರ ಕಥೆಗೆ ಮರಳುತ್ತೇನೆ. ಅವರಿಗೆಲ್ಲ ಒಂದು ಚಳಿಗಾಲ ನಾವೇ ಕೂತು ಫೋನ್ ಮಾಡಿದೆವು. ಮನಸ್ಸಿಲ್ಲ ಎಂದವರು ಕಡಿಮೆ. ಒಬ್ಬರಿಗೆ ವರದಿಯಲ್ಲಿನ ಒಂದು ಪದ ಅರ್ಥವಾಗಿರಲಿಲ್ಲ, ಕೇಳಲು ಸಂಕೋಚ. ಇನ್ನೊಬ್ಬರ ಅಟ್ಟದ ತುಂಬ ಸತ್ತ ಗಂಡನ ಸಾಮಾನು. ಅದನ್ನು ಇಳಿಸದೆ ಕೆಲಸದವರು ಹತ್ತುವಂತಿಲ್ಲ, ಇಳಿಸಲು ಮನಸ್ಸಿಲ್ಲ. ಮತ್ತೊಬ್ಬರ ಬಳಿ ಗುತ್ತಿಗೆದಾರರು ಮುಂಗಡ ತೆಗೆದುಕೊಂಡು ಎರಡು ಸಲ ದಿನ ತಪ್ಪಿಸಿದ್ದರು. ಇವು ಯಾವ ಕರಪತ್ರದಿಂದಲೂ ಬಗೆಹರಿಯುವಂಥವಲ್ಲ. ಒಂದು ಭಾನುವಾರ ನಾಲ್ವರು (ಕಮಿಟಿಯ ಮೂವರು, ಹೊರಗಿನ ಒಬ್ಬರು, ಕೋರಂ ಆಗದ ಹಾಗೆ) ಆ ಹೆಂಗಸಿನ ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿದೆವು. ಮೀನು ಹಿಡಿಯುವ ಕೋಲುಗಳು, ಒಂದು ಅಕಾರ್ಡಿಯನ್. ಅವರು ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಪ್ರತಿಯೊಂದರ ಕಥೆ ಹೇಳಿದರು. ಅರ್ಧ ದಿನದ ಕೆಲಸ ಇಡೀ ದಿನ ಹಿಡಿಯಿತು. ಮರುತಿಂಗಳು ಅವರ ಅಟ್ಟಕ್ಕೆ ಹೊದಿಕೆ ಬಿತ್ತು. ಈಗ ನಮ್ಮ ಕಾಗದದಲ್ಲಿ ‘ಎರಡನೇ ಫೋನು’ ಎಂಬ ಸಾಲಿಗೆ ಪ್ರತಿ ವರ್ಷ ಒಂದು ಹೆಸರಿರುತ್ತದೆ. ನಮ್ಮ ಕಮಿಟಿ ಕಂಡುಹಿಡಿದದ್ದು ಏನಾದರೂ ಇದ್ದರೆ ಇದೊಂದೇ. ಮಾಹಿತಿ ಕೊಡುವುದು ಕಾಲು ಭಾಗದ ಕೆಲಸ, ಉಳಿದದ್ದು ಬೆನ್ನು ಹತ್ತುವುದು.

ಬೆನ್ನು ಹತ್ತಿದರೂ ಆಗದ್ದು ಬಾಡಿಗೆ ಮನೆ. ಗೋಡೆ ಮಾಲೀಕರದು, ಎಣ್ಣೆಯ ಬಿಲ್ಲು ಬಾಡಿಗೆದಾರರದು. ಹೊದಿಕೆ ಹಾಕಿಸಲು ಇಬ್ಬರಿಗೂ ಕಾರಣವಿಲ್ಲ. ಬರ್ಲಿಂಗ್ಟನ್ ನಗರ 2021ರಲ್ಲಿ ಬಾಡಿಗೆ ಮನೆಗಳ ಶಾಖ ಸೋರಿಕೆಗೆ ಮಿತಿ ಹಾಕುವ ಕಟ್ಟಳೆ ತಂದಿತು. ನಮ್ಮೂರಿನಲ್ಲಿ ಅದರ ಮಾತೆತ್ತಿದಾಗ ಸಭಾಂಗಣ ತುಂಬಿತು, ಮಾಲೀಕರಿಂದ. ಅವರು ಕೂಗಾಡಿದ್ದಕ್ಕಿಂತ ಬಾಡಿಗೆದಾರರು ಒಬ್ಬರೂ ಬರದಿದ್ದದ್ದು ನನಗೆ ಹೆಚ್ಚು ನಾಟಿತು. ಸಂಜೆ 7 ಗಂಟೆಗೆ ಅವರಲ್ಲಿ ಬಹಳ ಜನ ಇನ್ನೂ ಕೆಲಸದಲ್ಲಿರುತ್ತಾರೆ. ಸಭೆಯ ಹೊತ್ತನ್ನು ನಾವು ಇನ್ನೂ ಬದಲಾಯಿಸಿಲ್ಲ.

2023ರ ಜುಲೈ 10, 11ರಂದು ಯೋಜನೆಯ ಕಾಗದವೆಲ್ಲ ನೀರುಪಾಲಾಯಿತು. ವಿನೂಸ್ಕಿ ನದಿ ರಾಜಧಾನಿ ಮಾಂಟ್‌ಪೀಲಿಯರ್‌ನ ಪೇಟೆ ಬೀದಿಗೆ ನುಗ್ಗಿತು; ಬ್ಯಾರಿ ಮತ್ತು ಕಣಿವೆಯ ಹಲವು ಊರುಗಳು ಮುಳುಗಿದವು. ನೆಲಮಾಳಿಗೆಯಲ್ಲಿ ನೀರು ತುಂಬಿದರೆ ಎಣ್ಣೆ ಟ್ಯಾಂಕು ತೇಲುತ್ತದೆ, ಪೈಪು ಕಿತ್ತು ಬರುತ್ತದೆ. ಆ ವಾಸನೆ ಮನೆಯಿಂದ ತಿಂಗಳಾದರೂ ಹೋಗುವುದಿಲ್ಲ. ಬಾಯ್ಲರ್, ಬಿಸಿನೀರಿನ ಹಂಡೆ, ಫ್ಯೂಸ್ ಪೆಟ್ಟಿಗೆ ಎಲ್ಲ ಕೆಳಗೇ. ಚಳಿಗೆ ಮೂರು ತಿಂಗಳು ಮಾತ್ರ ಉಳಿದಿತ್ತು. ಇದೇ ಅವಕಾಶ, ಎಲ್ಲರಿಗೂ ಹೀಟ್ ಪಂಪ್ ಹಾಕಿಸೋಣ ಎಂದು ಕಮಿಟಿಯ ಒಬ್ಬರು ಹೇಳಿದರು. ಅಧ್ಯಕ್ಷೆ ಅವರತ್ತ ನೋಡಿ, “ಮೊದಲು ಕೆಸರು ತೆಗೆಯೋಣ” ಎಂದರು. ಆ ತಿಂಗಳು ಸಭೆಯಿಲ್ಲ, ನಡಾವಳಿಯಿಲ್ಲ, ಸಲಿಕೆ ಮಾತ್ರ. ಸಲಿಕೆ ಹಿಡಿದ ಮನೆಗಳವರೇ ಆಗಸ್ಟಿನಲ್ಲಿ ಫೋನ್ ಮಾಡಿ, ಹೊಸ ಯಂತ್ರವನ್ನು ಮೇಲಿನ ಮಹಡಿಯಲ್ಲಿ ಕೂರಿಸಬಹುದೇ, ಎಣ್ಣೆ ಇಲ್ಲದೆ ಆಗುತ್ತದೆಯೇ ಎಂದು ಕೇಳಿದರು. ಮರುವರ್ಷ ಸರಿಯಾಗಿ ಅದೇ ತಾರೀಖಿಗೆ ರಾಜ್ಯದಲ್ಲಿ ಮತ್ತೆ ನೆರೆ ಬಂತು.

ಕಳೆದ ವರ್ಷದ ಪುಟ ಇನ್ನೂ ಅಚ್ಚಿಗೆ ಹೋಗಬೇಕು. 2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನು, ಮನೆಗೆ ಸೌರ ಫಲಕ, ಹೀಟ್ ಪಂಪ್, ಹೊದಿಕೆ ಹಾಕಿಸಿದವರಿಗಿದ್ದ ತೆರಿಗೆ ವಿನಾಯಿತಿಯನ್ನು ಡಿಸೆಂಬರ್ 31ಕ್ಕೆ ಮುಗಿಸಿತು. ನಾವು ಕೇಳದೆಯೇ ಒಂದು ಕೊನೆಯ ದಿನಾಂಕ ಸಿಕ್ಕಿತು. ಕಾಗದದ ಮೇಲಿನ ಶರತ್ಕಾಲವನ್ನು ಇಡಿಯಾಗಿ ಅಳಿಸಿ, ಕಸದ ಕೇಂದ್ರದಲ್ಲಿ ಪ್ರತಿ ಶನಿವಾರ ಕೂತೆವು. ಬೇಟೆಯ ಕಾಲದಲ್ಲೂ ಕೂತೆವು, ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡೇ ಜನ ಬಂದರು. ಗುತ್ತಿಗೆದಾರರು ಸಿಗದೆ ಎಷ್ಟೋ ಮಂದಿಗೆ ದಿನಾಂಕ ತಪ್ಪಿತು.

ಈ ಜನವರಿಯ ಸಭೆಗೆ ಅದೇ ಕೋಣೆ, ಹೊಸ ಕಂದು ಕಾಗದ. ಅಧ್ಯಕ್ಷೆ ಈ ಬಾರಿ ಬಿಡುತ್ತೇನೆಂದಿದ್ದಾರೆ. ಹೋದ ಬಾರಿಯೂ ಅಂದಿದ್ದರು. ನದಿಯ ಪಕ್ಕದ ಮೊಬೈಲ್ ಮನೆಗಳ ಸಾಲಿಗೆ ಹೊದಿಕೆ ಹಾಕಿಸುವ ಕೆಲಸ ಮೂರು ವರ್ಷದಿಂದ ಗೋಡೆಗೆ ಬರುತ್ತದೆ, ಹೆಸರು ಸಿಗದೆ ಬುಟ್ಟಿಗೆ ಹೋಗುತ್ತದೆ. ಅಲ್ಲಿನ ನೆಲ ಒಬ್ಬರದು, ಮನೆ ಇನ್ನೊಬ್ಬರದು, ತಳದ ಪೈಪುಗಳು ಯಾರವೆಂದು ಯಾರಿಗೂ ಗೊತ್ತಿಲ್ಲ. ಈ ಸಲವೂ ಚೀಟಿ ಅಂಟಿಸಿದರು. ಪ್ಲಂಬರ್ ಮಹಾಶಯರು ಎದ್ದು ಹೋಗಿ ಅದನ್ನು ಹತ್ತಿರದಿಂದ ಓದಿದರು, ಜೇಬಿನಿಂದ ಪೆನ್ಸಿಲ್ ತೆಗೆದರು, ಪೈಪುಗಳ ಬಗ್ಗೆ ಮಾತ್ರ ನೋಡುತ್ತೇನೆ ಎಂದು ಹೇಳಿ ಅಷ್ಟಕ್ಕೇ ತಮ್ಮ ಹೆಸರು ಬರೆದರು. ಉಳಿದ ಅರ್ಧ ಖಾಲಿಯಿದೆ. ವರದಿಯ ಪುಟ ಫೆಬ್ರುವರಿ ಮೊದಲ ವಾರ ಅಚ್ಚಿನವರಿಗೆ ತಲುಪಬೇಕು. ನಾಯಿಗಳ ಲೆಕ್ಕ ಆಗಲೇ ಹೋಗಿದೆಯಂತೆ.